ತಾರನಾಥನ ಆಯ

ಪುಸ್ತಕದ ಮೊದಲ ಹಾಳೆಯಲ್ಲಿ ಒಬ್ಬ ಗಡ್ಡದವನು.
ಕೆಳಗೆ ಇಲೈಜಾ ಥಾರ್ನ್ ಎಂದಿತ್ತಂತೆ,
ಗೆದ್ದಲು ಹೆಸರು ತಿಂದು ಗಡ್ಡ ಬಿಟ್ಟಿದೆ.
ನನ್ನ ಮುತ್ತಜ್ಜ ಮಾನಪ್ಪ ಬಡಿಗೇರ, ಶಹಾಪುರದವನು,
ಥಾರ್ನ್ ಅನ್ನಲು ನಾಲಗೆ ಹೊರಳದೆ
ತಾರನಾಥ ಅಂದ.
ನಮ್ಮ ಮನೆಯಲ್ಲಿ ಇಂದಿಗೂ ಹಾಗೇ.

ಕ್ಯಾಂಪಿನ ಯಾವನೋ ಮೇಜರ್ ಊರು ಬಿಟ್ಟಾಗ
ಹರಾಜಿಗೆ ಬಂದದ್ದು: ತವರದ ತೊಟ್ಟಿ,
ಎರಡು ಕುಂಟ ಕುರ್ಚಿ, ಅಮೇರಿಕದವನ ಈ ಮನೆಗಳ ಪುಸ್ತಕ.
ಹನ್ನೆರಡಾಣೆ ಕೊಟ್ಟು ತಂದ.
ಅಕ್ಷರ ಬಾರದು. ಅಂಕಿ ಬರುತ್ತಿತ್ತು, ಗೆರೆ ಬರುತ್ತಿತ್ತು.
ಬಾಗಿಲು ಯಾವ ಕೈಗೆ ತೆರೀತದೆ,
ಮೆಟ್ಟಿಲು ಹೊರಳುವಲ್ಲಿ ಬಸುರಿ ಕೊಡ ಹೊತ್ತು ಬಂದರೆ
ಮೊಣಕೈ ಗೋಡೆಗೆ ತಾಗುತ್ತದೋ ಇಲ್ಲವೋ
ಎಲ್ಲ ಓದಿದ.

ಅಕ್ಷರಕ್ಕೆ ದುಮಿಂಗ ಬೇಕಾಯಿತು,
ಮೆಸ್ಸಿನ ಬಟ್ಲರ್, ಗೋವೆಯ ಕಡೆಯವನು.
ಹಾಳೆಗೊಂದು ಗ್ಲಾಸು, ಅದೇ ಕರಾರು.
ಸಂಜೆ ಗರಗಸದ ಹೊಟ್ಟಿನ ಮೇಲೆ ಕೂತು
ಗ್ಲಾಸನ್ನು ಎಡಗೈಯಲ್ಲೇ ಹಿಡಿದು ಓದುತ್ತಿದ್ದ.

"ತಾರನಾಥ ಬಡಿಗ್ಯಾನ ಮಗ."
"ಹಂಗಾರ ನಮ್ಮಾಂವ," ಅಂದ ಮಾನಪ್ಪ, ಇನ್ನೊಂದು ಸುರಿದ.
"ಹನ್ನೊಂದರಾಗ ಅಪ್ಪ ಸತ್ತ. ಮಂದಿ ಅಡಗಿಮನ್ಯಾಗ ಬೆಳದ.
ಹೊಳಿ ದಂಡಿ ಊರು. ಗಿರಣಿ ಮಾಲಕರಿಗೆ
ಮೂವತ್ತೇಳು ಮನಿ ಕಟ್ಟಿದ, ಒಂದರ ಹಂಗ ಒಂದಿಲ್ಲ."
"ಮಾಡು ಇಷ್ಟು ಚೂಪ ಯಾಕೋ?"
"ಅಲ್ಲಿ ಮ್ಯಾಲಿಂದ ಅರಳಿ ಬೀಳತದ.
ಹಿಂಜಿದ ಅರಳಿ, ಸಪ್ಪಳಿಲ್ಲದ.
ಇಳಿಜಾರಿಲ್ಲಂದ್ರ ಮನಿ ಕುಂತಬಿಡತದ."
ಮಾನಪ್ಪ ನಂಬಲಿಲ್ಲ.
ಆದರೂ ಬೆಳಗಾವಿಯ ಆಷಾಢ ಕಂಡವನು,
ಖಾನಾಪುರದ ಹೆಂಚಿಗೆ ಆ ಚೂಪು ಒಗ್ಗೀತು ಅಂದುಕೊಂಡ.

ಒಂದು ರಾತ್ರಿ ದುಮಿಂಗ ಪುಸ್ತಕ ನೋಡದೇ ಓದಿದ.
ತಾರನಾಥ ಹೆಂಡತಿಗೆಂದು ಕಟ್ಟಿದ ಮನೆ
ಸುಟ್ಟಿತು. ಒಳಗೆ ಅವಳಿದ್ದಳು. ತೊಟ್ಟಿಲಿತ್ತು.
ಆಮೇಲೆ ಮಂದಿಗೆ ಮನೆ, ತನಗೆ ಬಾಡಿಗೆಯ ಮಂಚ,
ಸಾಯುವ ತನಕ.

ದುಮಿಂಗ ಹೋದ ಮೇಲೆ ಮಾನಪ್ಪ ಕಂದೀಲು ಹತ್ತಿರ ಎಳೆದ.
ಹದಿನಾಲ್ಕನೆಯ ಚಿತ್ರ. ಮೂವತ್ತನಾಲ್ಕು, ಇಪ್ಪತ್ತೈದು.
ಎಂಟುನೂರಾ ಐವತ್ತು.
ಎಂಟರಿಂದ ಭಾಗಿಸಿದ, ಎರಡು ಉಳಿಯಿತು.
ಧೂಮಾಯ.
"ಏ ತಾರನಾಥಾ, ಹೊಗೀ ಆಯದಾಗ ಕಟ್ಟೀದೇನೋ,
ಯಾರನರ ಒಂದ ಮಾತ ಕೇಳಬಾರದಾಗಿತ್ತೇನೋ!"

ಗೋಡೆಯನ್ನು ಒಂದು ಫೂಟು ಒಳಗೆ ಸರಿಸಿ
ಧ್ವಜಾಯಕ್ಕೆ ತಂದು
ನೂಲಿನ ವ್ಯಾಪಾರಿ ಅಂಕಲಗಿಯವರಿಗೆ ಕಟ್ಟಿದ.
ಹೊಗೆಗೂಡನ್ನೂ ಬಿಡಲಿಲ್ಲ, ಒಲೆಯೇ ಇಲ್ಲದ ಕೋಣೆಗೆ.
ಗುಬ್ಬಿಗಳು ಒಪ್ಪಿಕೊಂಡವು.

ನಾನು ಟಿಳಕವಾಡಿಯಲ್ಲಿ ಪ್ಲ್ಯಾನು ಬರೆಯುವವಳು.
ಮೂವತ್ತು ನಲವತ್ತರ ಸೈಟು, ಕಾರಿಗೆ ಜಾಗ, ದೇವರಿಗೆ ಮೂಲೆ.
ಇಂಗ್ಲಿಷು ಬರುತ್ತದೆ.
ಒಂದು ಭಾನುವಾರ ಕೂತು ತಾರನಾಥನ ಮುನ್ನುಡಿ ಓದಿದೆ.
ಇಟ್ಟಂಗಿಯ ದರ ಇದೆ, ಸಾವಿರಕ್ಕೆ ಇಷ್ಟೆಂದು.
ಬಚ್ಚಲ ನೀರಿನ ಇಳಿಜಾರು, ಗಾಜಿಗೆ ಮೆತ್ತುವ ಲೇಪ,
ಸುಣ್ಣ ಎಷ್ಟು ದಿನ ನೆನೆಯಬೇಕು.
ಹೆಂಡತಿ ಇಲ್ಲ. ಹೊಳೆ ಇಲ್ಲ. ಮೂವತ್ತೇಳು ಇಲ್ಲ.
ಹಿಂದೆ ಮುಂದೆ ತಿರುವಿದೆ,
ಬೆಂಕಿ ಎಂಬ ಮಾತೇ ಇಲ್ಲ, ವಿಮೆಯ ಒಂದು ಸಾಲಿನ ಹೊರತು.

ಅಮ್ಮನನ್ನು ಕೇಳಿದೆ. ಅವಳಿಗೆ ಅವಳಜ್ಜಿ ಹೇಳಿದ್ದು:
ದುಮಿಂಗನ ಬಲಗೈ ಬೆರಳು
ಮೇಣದ ಹಾಗೆ ಒಂದಕ್ಕೊಂದು ಕೂಡಿದ್ದವಂತೆ.
ಹುಡುಗರು ಕೇಳಿದರೆ ಅಂಗಿಯ ತೋಳು ಇಳಿಸುತ್ತಿದ್ದನಂತೆ.

ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ
ಸೀಸದಕಡ್ಡಿಯ ಗೆರೆ, ನಮ್ಮವನದೇ ಕೈ.
ಒಂದೇ ಕೋಣೆ. ಏಳು ಫೂಟು, ಏಳು ಫೂಟು.
ಒಲೆ ಇಲ್ಲ.
ಮಂಚ ಹಾಕುವಲ್ಲಿ, ಎಡಗೈಗೆ ಎಟಕುವಂತೆ ಒಂದು ಮಾಡ,
ಒಂದು ಗ್ಲಾಸು ಹಿಡಿಸುವಷ್ಟು.

ಗುಣಿಸಿದೆ. ಎಂಟರಿಂದ ಭಾಗಿಸಿದೆ.
ಒಂದು ಉಳಿಯಿತು.